ಮರಿಯಮ್ಮನ ಬುತ್ತಿ

ಜಪಸರ ಹಿಡಿದಾಗ ಬಾಯಿ ಓಡಿದರೆ ಸಾಲದು, ಆಯಾ ಮಣಿಗೆ ಹೇಳಿದ ಪ್ರಸಂಗ ಕಣ್ಣಿಗೆ ಕಟ್ಟಬೇಕು ಎಂದಿದ್ದರು ನಮ್ಮ ಚರ್ಚಿನ ಫಾದರ್. ಕೊಟ್ಟೂರಿನ ಬಸ್ಸಿನಲ್ಲಿ ಕಣ್ಣು ಮುಚ್ಚಿ, ತುಟಿ ಆಡಿಸುತ್ತ ಮಣಿ ಎಣಿಸುತ್ತಿದ್ದೆ. ನನಗೆ ವಾಂತಿ ಬರುತ್ತಿದೆ ಎಂದುಕೊಂಡ ಪಕ್ಕದ ಅಜ್ಜಿ, ಮೂಗಿಗೆ ನಿಂಬೆಹಣ್ಣು ಹಿಡಿದಳು.

"ವಾಂತಿ ಅಲ್ಲ ಅಜ್ಜೀ, ಧ್ಯಾನ. ಯೇಸುಸ್ವಾಮಿ ತಾಯಿ ಮರಿಯಮ್ಮ ಗುಡ್ಡ ಹತ್ತಿ ಬಸುರಿ ಎಲಿಜಬೇತಮ್ಮನ್ನ ನೋಡಾಕ ಹೊಂಟಾಳ."

"ಕೈಯಾಗ ಏನೈತಿ?"

"ಏನೂ ಇಲ್ಲ."

"ಬಸುರಿ ಮನಿಗಿ ಬರಿಗೈಲೆ ಹೊಂಟಾಳಾ? ಸರಿಯಾಗಿ ನೋಡವ್ವ!"

ಮತ್ತೆ ಕಣ್ಣು ಮುಚ್ಚಿದೆ. ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಕೆಂಪು ಚಟ್ನಿ ಎಂದು ಅಜ್ಜಿ ಹೇಳುತ್ತ ಹೋದಂತೆ ಮರಿಯಮ್ಮನ ತಲೆ ಮೇಲೆ ಬುತ್ತಿಗಂಟು ದಪ್ಪವಾಯಿತು. ಇಷ್ಟು ವರ್ಷದಲ್ಲಿ ಅವಳು ಅಷ್ಟು ಸ್ಪಷ್ಟವಾಗಿ ಕಂಡದ್ದೇ ಇಲ್ಲ.

ಈಗ ಚರ್ಚಿನಲ್ಲಿ ಆ ಮಣಿಗೆ ಬಂದಾಗೆಲ್ಲ ಎಂಜಲು ನುಂಗುತ್ತೇನೆ. ಭಕ್ತಿಯಿಂದ ಗಂಟಲುಬ್ಬಿದೆ ಎಂದು ಫಾದರ್ ಮೆಚ್ಚಿಕೊಂಡಿದ್ದಾರೆ.