ಹಿತ್ತಿಲ ಹೊಟ್ಟಿನ ಒಲೆ

ಇವತ್ತು ಬೆಳಿಗ್ಗೆ ನನ್ನ ಕೈ ನನ್ನನ್ನು ಕೇಳದೆ ಒಂದು ಕೆಲಸ ಮಾಡಿತು. ನಮ್ಮ ಮೇಷ್ಟ್ರಿಗೆ, ಅಂದರೆ ನನ್ನ ಗಂಡನಿಗೆ, ಗೆಳೆಯರೊಬ್ಬರು ದುಬೈಯಿಂದ ತಂದುಕೊಟ್ಟ ಕರೆಂಟಿನ ಮಡಕೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತ್ತು. ನಿಧಾನವಾಗಿ ಬೇಯಿಸುವುದೊಂದೇ ಅದರ ಕಸುಬು. ಒಳಗೆ ದನದ ತೊಡೆಯ ಬಾಡು, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮೆಣಸು. ಸ್ವಲ್ಪ ಹೊತ್ತಿಗೆ ಗಾಜಿನ ಮುಚ್ಚಳದ ಸಂದಿಯಿಂದ ವಾಸನೆ ಏಳತೊಡಗಿತು. ಆಗ ನೋಡಿ, ನಾನು ಬೇರೆ ಏನೋ ಯೋಚಿಸುತ್ತಿರುವಾಗಲೇ ಕೈ ಹೋಗಿ ಬೀದಿ ಕಡೆಯ ಕಿಟಕಿಯನ್ನು ಮುಚ್ಚಿಬಿಟ್ಟಿತು. ಹಳೇಬೀಡಿನಲ್ಲಿ ನಾವೇ ಕಟ್ಟಿಸಿದ ಮನೆ, ನಮ್ಮದೇ ಕಿಟಕಿ. ಆದರೂ ಕೈ ಹಳೆಯ ಪಾಠ ಮರೆತಿಲ್ಲ. ಪಾಠ ಹೇಳುವುದೇ ನನ್ನ ಹೊಟ್ಟೆಪಾಡಾದ್ದರಿಂದ ಅದನ್ನು ಬೈಯುವುದೂ ಕಷ್ಟ.

ಮಡಕೆಯ ಜೊತೆ ಒಂದು ಪುಟ್ಟ ಪುಸ್ತಕ ಬಂದಿದೆ. ಬೆಳಿಗ್ಗೆ ಗುಂಡಿ ಒತ್ತಿ ಕೆಲಸಕ್ಕೆ ಹೋದರೆ ಸಂಜೆ ಬರುವಷ್ಟರಲ್ಲಿ ಮಾಂಸ ಬೆಣ್ಣೆಯಂತಾಗಿರುತ್ತದೆ ಎಂದು ಅದರಲ್ಲಿ ಬಹಳ ಹೆಮ್ಮೆಯಿಂದ ಬರೆದಿದ್ದಾರೆ. ಓದಿ ನಗು ಬಂತು. ಇದನ್ನೇ ನಮ್ಮಮ್ಮ ಅರಸೀಕೆರೆಯ ಮನೆಯ ಹಿತ್ತಿಲಲ್ಲಿ ಒಂದು ತಗಡಿನ ಡಬ್ಬದಲ್ಲಿ ಮಾಡುತ್ತಿದ್ದಳು. ನೀವು ಹೊಟ್ಟಿನ ಒಲೆ ನೋಡಿದ್ದೀರೋ ಇಲ್ಲವೋ. ಸಾಮಿಲ್ಲಿನಿಂದ ಮರದ ಹೊಟ್ಟು ತಂದು, ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತಲೂ ಹೊಟ್ಟು ಸುರಿದು ಗಟ್ಟಿಯಾಗಿ ಜಡಿಯಬೇಕು. ಆಮೇಲೆ ಬಾಟಲಿಯನ್ನು ತಿರುಗಿಸುತ್ತಾ ಮೇಲಕ್ಕೆಳೆದರೆ ನಡುವೆ ಬಾವಿಯಂಥ ತೂತು ಉಳಿಯುತ್ತದೆ. ಕೆಳಗಿನ ಕಂಡಿಯಿಂದ ಬೆಂಕಿ ಕೊಟ್ಟರೆ ಮುಗಿಯಿತು. ಊದಬೇಕಿಲ್ಲ, ಸೌದೆ ನೂಕಬೇಕಿಲ್ಲ, ಅದು ತನ್ನ ಪಾಡಿಗೆ ಒಳಗೊಳಗೇ ಕೆಂಪಗೆ ಉರಿಯುತ್ತಾ ಕೂತಿರುತ್ತದೆ. ಅದರ ದೋಷ ಒಂದೇ, ಹೊತ್ತಿಸಿದ ಮೇಲೆ ಆರಿಸಲು ಬರುವುದಿಲ್ಲ. ನೀರು ಸುರಿದರೆ ಇಡೀ ಬೀದಿಗೆ ಹೊಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಯಲ್ಲಿ ಕುಕ್ಕರ್ ಇರಲಿಲ್ಲವೆಂದಲ್ಲ. ಅಪ್ಪ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಕುಕ್ಕರ್ ಕೂಗಿದ್ದು ನಮ್ಮ ಮನೆಯಲ್ಲೇ. ಆದರೆ ಅಮ್ಮ ಅದರಲ್ಲಿ ಬೇಳೆ ಮಾತ್ರ ಇಡುತ್ತಿದ್ದಳು. ಕುಕ್ಕರಿನಲ್ಲಿಟ್ಟ ಬಾಡು ಬೇಯುವುದಿಲ್ಲ, ಹೆದರಿ ಮೆತ್ತಗಾಗುತ್ತದೆ ಎನ್ನುವುದು ಅವಳ ಸಿದ್ಧಾಂತ. ಅಪ್ಪನಿಗೂ ಇದು ಒಪ್ಪಿಗೆಯೇ, ಕಾರಣ ಮಾತ್ರ ಬೇರೆ. ನಮ್ಮ ಬೀದಿಯಲ್ಲಿ ಕೂಗು ಎಣಿಸುವವರಿದ್ದರು. ಬೇಳೆಗೆ ಇಷ್ಟು, ಕುರಿಗೆ ಇಷ್ಟು ಎಂಬುದು ಎಲ್ಲರಿಗೂ ಗೊತ್ತು. ಅದನ್ನೂ ದಾಟಿ ಕೂಗುತ್ತಲೇ ಹೋದರೆ ಪಕ್ಕದ ಮನೆಯವರು ಬಾಯಿಬಿಟ್ಟು ಏನೂ ಹೇಳದೆ ಕಿಟಕಿ ಹಾಕಿಕೊಳ್ಳುತ್ತಿದ್ದರು. ಅವರು ಹಾಕುವ ಮೊದಲೇ ನಮ್ಮ ಕಿಟಕಿಯನ್ನು ನಾವೇ ಹಾಕುವುದು ನಮ್ಮ ಮನೆಯ ರೂಢಿಯಾಯಿತು. ಆ ಕೆಲಸ ನನ್ನ ಪಾಲಿನದು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದೆ. ಬೇಲೂರಿನಲ್ಲಿ ನಡೆದ ಒಂದು ತರಬೇತಿಗೆ ಹಳೇಬೀಡಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೊಬ್ಬರು ಬಂದಿದ್ದರು. ಭಾಷಣ ಮಾಡುತ್ತಿದ್ದ ಅಧಿಕಾರಿಯ ತಪ್ಪನ್ನು ಎದ್ದು ನಿಂತು, ನಗುನಗುತ್ತಲೇ ತಿದ್ದಿದರು. ನನಗೆ ಅಲ್ಲೇ ಇಷ್ಟವಾದರು. ಹೇಗೋ ಮಾತು ನಡೆದು, ಮಾದಿಹಳ್ಳಿಯ ಅವರ ಮನೆಯಿಂದ ಹೆಣ್ಣು ನೋಡಲು ಬರುತ್ತೇವೆಂದು ಸುದ್ದಿ ಬಂತು. ಅಪ್ಪನಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಹಿಂದಿನ ವರ್ಷ ನನ್ನನ್ನು ನೋಡಲು ಬಂದಿದ್ದ, ನಮ್ಮವರೇ ಆದ ಒಬ್ಬ ಆಫೀಸರ ಮನೆಯವರು, ನೀವು ಇನ್ನೂ ಅದನ್ನೆಲ್ಲ ತಿನ್ನುತ್ತೀರಾ ಎಂದು ಮೂಗು ಮುರಿದು ಎದ್ದುಹೋಗಿದ್ದರು. ಈ ಹುಡುಗನ ತಾಯಿಯೋ ಸೋಮವಾರ ಒಪ್ಪತ್ತು ಮಾಡುವವರಂತೆ, ಮನೆಯಲ್ಲಿ ದೇವರ ಕೋಣೆಯೂ ಇದೆಯಂತೆ. ನಾವು ಬುದ್ಧನ ಪಟ ಇಟ್ಟುಕೊಂಡವರು. ಬಾಡಿನ ಸುದ್ದಿ ಯಾರೂ ಎತ್ತಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದರು. ನನಗೆ ಸಿಟ್ಟು ಬಂತು. ಆ ಮೇಷ್ಟ್ರೂ ಬೇಕಿತ್ತು, ಅಮ್ಮನ ಬಾಡೂ ಬೇಕಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆದು, ಗಂಡನ ಮನೆಯಲ್ಲಿ ಜೀವನವಿಡೀ ಬಾಯಿ ಕಟ್ಟಿಕೊಂಡು ಕೂರುವುದು ನನ್ನಿಂದಾಗದ ಕೆಲಸವಾಗಿತ್ತು.

ಅವರು ಬರಬೇಕಿದ್ದದ್ದು ಮುಂದಿನ ಭಾನುವಾರ. ಅರಸೀಕೆರೆಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಬಂದವರು, ಹೇಗೂ ಬಂದಿದ್ದೇವಲ್ಲ ಎಂದು ಒಂದು ವಾರ ಮೊದಲೇ ನಮ್ಮ ಬಾಗಿಲಲ್ಲಿ ನಿಂತರು, ಮೇಷ್ಟ್ರು ಮತ್ತು ಅವರ ತಾಯಿ. ಹಿತ್ತಿಲಲ್ಲಿ ಆಗಲೇ ಒಲೆ ಹೊತ್ತಿತ್ತು. ಆರಿಸಲು ಬರುತ್ತದೆಯೇ ಎಂಬಂತೆ ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ನಾನು ಓಡಿಹೋಗಿ ಕಿಟಕಿಗಳನ್ನೆಲ್ಲ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಸುತ್ತಿಕೊಂಡು, ಅಮ್ಮ ಅವಸರದಲ್ಲಿ ಮಾಡಿದ ಉಪ್ಪಿಟ್ಟು ಕೇಸರಿಬಾತು ಹಿಡಿದು ಬಂದೆ. ನೆರಿಗೆ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಕಿಟಕಿ ಮುಚ್ಚಿದ ಮನೆಯ ಸೆಕೆಗೆ ಹಣೆಯ ಪೌಡರು ಕೆನ್ನೆಗೆ ಇಳಿದಿತ್ತು.

ಮಾತು ಚೆನ್ನಾಗಿಯೇ ನಡೆಯಿತು. ತಾಯಿ ಗೋಡೆಯ ಮೇಲಿನ ಬುದ್ಧನಿಗೆ ಕೈಮುಗಿದು, ತಮ್ಮ ಮನೆಯಲ್ಲೂ ಬಾಡುಗೀಡು ಬಿಟ್ಟು ಬಹಳ ಕಾಲವಾಯಿತೆಂದರು. ನಮ್ಮಲ್ಲೂ ಅಷ್ಟೇ, ಮೊಟ್ಟೆ ಕೂಡ ಅಪರೂಪ ಎಂದರು ಅಪ್ಪ. ಮೇಷ್ಟ್ರು ತಲೆ ತಗ್ಗಿಸಿ ಉಪ್ಪಿಟ್ಟಿನೊಳಗೆ ಏನನ್ನೋ ಹುಡುಕುತ್ತಿದ್ದರು.

ಆದರೆ ಅಪ್ಪನ ಅಪ್ಪಣೆ ವಾಸನೆಗೆ ತಿಳಿಯಬೇಕಲ್ಲ. ಬಸ್ಸಿಗೆ ಹೊತ್ತಾಯಿತೆಂದು ಆ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. ಅದೇ ಹೊತ್ತಿಗೆ ಹಿತ್ತಿಲ ಬಾಗಿಲಿನಿಂದ ಮೆಣಸಿನ, ಕರಗಿದ ಕೊಬ್ಬಿನ ವಾಸನೆ ಗಮ್ಮೆಂದು ಬಂತು. ಅವರು ಎದ್ದವರು ಹಾಗೇ ನಿಂತರು.

"ಹಿತ್ಲಲ್ಲಿ ಏನೋ ಒಲೆ ಮೇಲೈತೆ," ಎಂದರು.

"ಹುರುಳಿ," ಎಂದರು ಅಪ್ಪ. "ಹಸೂಗೆ."

ನಮ್ಮ ಮನೆಯಲ್ಲಿ ಹಸು ಇರಲಿಲ್ಲ. ಆ ಇಲ್ಲದ ಹಸುವನ್ನು ನೆನೆದು ನನಗೆ ನಗುವೂ ಬಂತು, ಅಪ್ಪನನ್ನು ನೋಡಿ ಸಂಕಟವೂ ಆಯಿತು. ಇವತ್ತು ಹಸು, ನಾಳೆ ಇನ್ನೇನೋ. ಹೀಗೆ ಸೇರಿದ ಮನೆಯಲ್ಲಿ ನಾನು ಇನ್ನೆಷ್ಟು ಕಿಟಕಿ ಮುಚ್ಚಲಿ?

"ಹುರುಳಿ ಅಲ್ಲ," ಎಂದೆ. "ದನದ ಬಾಡು. ಭಾನುವಾರ ನಮ್ಮನೇಲಿ ಅದೇ ಮಾಡೋದು. ನಂಗೆ ಅದಂದ್ರೆ ಜೀವ."

ಅಪ್ಪ ಕುರ್ಚಿಯ ಕೈ ಹಿಡಿದುಕೊಂಡರು. ಮೇಷ್ಟ್ರು ತಟ್ಟೆಯಿಂದ ತಲೆಯೆತ್ತಿ ಅವತ್ತು ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು. ಅವರ ತಾಯಿ ಮಾತ್ರ ನನ್ನ ಕಡೆ ನೋಡಲೇ ಇಲ್ಲ, ಅಮ್ಮನ ಕಡೆ ತಿರುಗಿದರು.

"ಇನ್ನೂ ಎಷ್ಟೊತ್ತು ಬೇಯ್ಬೇಕು?"

ಒಂದು ಗಂಟೆ ಬೇಕೇನೋ ಎಂದಳು ಅಮ್ಮ, ಇದ್ದಬದ್ದ ದನಿಯನ್ನೆಲ್ಲ ಕೂಡಿಸಿಕೊಂಡು.

"ಹಂಗಾರೆ ಈ ಬಸ್ಸು ಹೋಗ್ಲಿ ಬುಡಿ. ಇನ್ನೊಂದು ಬತ್ತದೆ." ಅವರು ಮತ್ತೆ ಕೂತರು.

ನಡೆದದ್ದು ಇಷ್ಟು. ಬುದ್ಧನನ್ನು ನಂಬುವವರು ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಹೇಳಿ ಕರೆದುಕೊಂಡು ಬಂದವರು ನಮ್ಮ ಮೇಷ್ಟ್ರೇ. ಪ್ರಯೋಗ ಮಾಡದೆ ತೀರ್ಮಾನಕ್ಕೆ ಬರಬೇಡಿ ಎಂದು ಮಕ್ಕಳಿಗೆ ದಿನಾ ಹೇಳುವ ಮನುಷ್ಯ! ಎರಡು ಮನೆಯವರೂ ಒಬ್ಬರಿಗೊಬ್ಬರು ಹೆದರಿಕೊಂಡು ಕೇಸರಿಬಾತು ನುಂಗುತ್ತಾ ಕೂತಿದ್ದೆವು. ತಾಯಿ ಸುಮ್ಮನೆ ಕೂರದೆ ಹಿತ್ತಿಲಿಗೆ ಹೋಗಿ ಮಡಕೆಯ ಮುಚ್ಚಳ ತೆಗೆದರು. "ಮೆಣಸು ಈಗ್ಲೇ ಹಾಕ್ಬುಟ್ರಾ? ನಾವು ಇಳಿಸೋವಾಗ ಹಾಕೋದು," ಎಂದರು. ಅಮ್ಮನಿಗೆ ದನಿ ಪೂರ್ತಿ ವಾಪಸು ಬಂದದ್ದು ಆಗ. ಮೊದಲೇ ಹಾಕದಿದ್ದರೆ ಖಾರ ಒಳಗೆ ಇಳಿಯುವುದಾದರೂ ಹೇಗೆ ಎಂದು ಕೇಳಿಯೇಬಿಟ್ಟಳು. ಬೀಗಿತ್ತಿಯರಾಗುವ ಮೊದಲೇ ಜಗಳ ಶುರುವಾಯಿತು. ಮದುವೆಯಾಯಿತು, ಮನೆಯಾಯಿತು, ಆ ಜಗಳ ಮಾತ್ರ ಅಮ್ಮ ತೀರಿಕೊಳ್ಳುವವರೆಗೂ ನಡೆಯಿತು. ನಾನು ಅರ್ಧ ಮೆಣಸು ಮೊದಲು, ಅರ್ಧ ಕೊನೆಗೆ ಹಾಕಿ ಇಬ್ಬರಿಂದಲೂ ಬೈಸಿಕೊಂಡವಳು.

ಅತ್ತೆ ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಹಲ್ಲು ಉದುರಿವೆ, ಹಾಗಾಗಿ ಈ ನಿಧಾನದ ಮಡಕೆ ಬಂದದ್ದು ನಿಜವಾಗಿ ಅವರಿಗಾಗಿ. ಕಿಟಕಿ ಮುಚ್ಚಿದ ಸದ್ದು ಕೇಳಿ ನಡುಮನೆಯಿಂದ ಎದ್ದು ಬಂದರು.

"ಕಿಟ್ಕಿ ಯಾಕೆ ಹಾಕ್ದೆ? ತೆಗಿ."

ಪೂರ್ತಿ ತೆಗೆದೆ. ಬಸ್ತಿಹಳ್ಳಿಯ ಕಡೆ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಮೂಗೆತ್ತಿ ಇತ್ತ ನೋಡಿ ಮುಂದೆ ಹೋದ. ನೋಡಲಿ ಬಿಡಿ.

ಅತ್ತೆ ಗಾಜಿನ ಮುಚ್ಚಳಕ್ಕೆ ಮುಖ ತಾಗುವಷ್ಟು ಬಗ್ಗಿ ಮಡಕೆಯೊಳಗೆ ನೋಡಿದರು. ಮೆಣಸು ಮೊದಲೇ ಹಾಕಿದೆಯಾ ಎಂದು ಕೇಳಿದರು. ಹಾಕಿದೆ ಎಂದೆ. ಅಮ್ಮ ಹೋದ ಮೇಲೆ ಪೂರ್ತಿ ಅವಳ ಹಾಗೆ ಹಾಕಿದ್ದು ಇದೇ ಮೊದಲು. ಬೈಗುಳಕ್ಕೆ ಕಾದು ನಿಂತೆ.

"ನಿಮ್ಮವ್ವ ಇದ್ದಿದ್ರೆ ಗೆದ್ದೆ ಅನ್ನೋರು," ಎಂದರು.

ಕಣ್ಣು ತುಂಬಿತು. ಈರುಳ್ಳಿಯ ಮೇಲೆ ಹಾಕುವ ಹಾಗೂ ಇರಲಿಲ್ಲ, ಹೆಚ್ಚಿ ಆಗಲೇ ಬಹಳ ಹೊತ್ತಾಗಿತ್ತು. ಮುಖ ಆ ಕಡೆ ತಿರುಗಿಸಿ, ಇದು ಬೇಯಲು ಸಂಜೆಯಾಗುತ್ತದೆ, ಅಷ್ಟರಲ್ಲಿ ಒಂದಿಷ್ಟು ಉಪ್ಪಿಟ್ಟು ಮಾಡಿಕೊಡಲೇ ಎಂದು ಕೇಳಿದೆ.

"ಬೇಯ್ಲಿ ಬುಡು," ಎನ್ನುತ್ತಾ ಅವರು ಅಲ್ಲೇ ಸ್ಟೂಲಿನ ಮೇಲೆ ಕೂತರು. "ನಂಗ್ಯಾವ ಬಸ್ಸು ಹಿಡೀಬೇಕಾಗೈತೆ."