ತದಡಿಗೆ ಕಾಲ್ದಾರಿ

ಕಡಲಿಗೂ ನಮ್ಮೂರ ಕೆರೆಯ ಹಾಗೆ ಏರಿ ಇರುತ್ತದೆ, ಅದರ ಮೇಲೆ ನೆಟ್ಟಗೆ ನಡೆದರೆ ಯಾವ ಊರನ್ನಾದರೂ ಮುಟ್ಟಬಹುದು ಎಂದು ನಾನು ಇಪ್ಪತ್ತಮೂರು ವರ್ಷದವರೆಗೂ ನಂಬಿದ್ದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ತೂಗಿಸಿ ಬರೆದುಕೊಳ್ಳುವುದು ನನ್ನ ಕೆಲಸ. ಅಲ್ಲೇ ಕಾಯಿ ಹಸನು ಮಾಡುವ ಹೊನ್ನಕ್ಕನ ಮುಂದೆ ಗೋಕರ್ಣವೆಲ್ಲ ಸುತ್ತಿ ಬಂದವನ ಹಾಗೆ ಮಾತಾಡಿಬಿಟ್ಟಿದ್ದೆ. ಹಂಗಾದ್ರೆ ನೀನೇ ಕರ್ಕೊಂಡು ಹೋಗು ಅಂದಳು.

ಹೊನ್ನಕ್ಕ ಆಂಧ್ರದ ಗಡಿಗಿರುವ ರಾಂಪುರದ ಕಡೆಯವಳು, ಮನೆಮಾತು ತೆಲುಗು. ಗಂಡ ಓಬಯ್ಯ ಮೀನು ಬೋಟಿನ ಕೂಲಿಗೆಂದು ಹೋಗಿ ನಾಲ್ಕು ವರ್ಷವಾಗಿತ್ತು. ತದಡಿಯಲ್ಲಿ ಸೇರಿಕೊಂಡೆ ಎಂದು ಎಸ್‌ಟಿಡಿ ಬೂತಿಗೆ ಒಂದೇ ಒಂದು ಫೋನು ಮಾಡಿದ್ದ, ಆಮೇಲೆ ಸುದ್ದಿಯಿಲ್ಲ. ಈಗ ಮಗಳ ಮದುವೆ ಗೊತ್ತಾಗಿತ್ತು. ಅವನು ಸತ್ತಿರಬೇಕು, ತಾಳಿ ತೆಗೆದಿಟ್ಟು ಚಪ್ಪರದಿಂದ ದೂರ ನಿಲ್ಲು ಎಂದು ಹಟ್ಟಿಯ ಹಿರಿಯರು ಹೇಳಿದ್ದರು. ಅವನು ಬರದಿದ್ದರೂ ಸರಿ, ಇದ್ದಾನೆ ಅಂತ ಗೊತ್ತಾದರೆ ಸಾಕಿತ್ತು ಅವಳಿಗೆ.

ಗೋಕರ್ಣದಿಂದ ತದಡಿಗೆ ಬಸ್ಸಿತ್ತು. ಬಸ್ಸು ಯಾಕೆ, ದಂಡೆ ಹಿಡಿದು ಹೋಗೋಣ ಎಂದವನು ನಾನು. ದಂಡೆ ಹತ್ತೇ ನಿಮಿಷಕ್ಕೆ ಮುಗಿದು ಗುಡ್ಡ ಶುರುವಾಯಿತು. ಹತ್ತಿದರೆ ಕೆಳಗೆ ನೀಲಿ ನೀರು, ಮರಳ ಮೇಲೆ ಅರೆಬಟ್ಟೆಯ ಬಿಳಿ ಜನ, ಇಳಿದರೆ ಮತ್ತೊಂದು ಗುಡ್ಡ. ಅಷ್ಟು ಚೆಂದದ ಜಾಗದಲ್ಲಿ ಹೊನ್ನಕ್ಕ ಚಪ್ಪಲಿ ಕೈಯಲ್ಲಿ ಹಿಡಿದು, ಬೋಟು ಎಲ್ಲೈತೆ ಎಂದಷ್ಟೇ ಕೇಳುತ್ತಿದ್ದಳು. ಮೂರನೆಯ ಗುಡ್ಡಕ್ಕೆ ನನ್ನ ಚೀಲವೂ ಅವಳ ಹೆಗಲಿಗೆ ಹೋಯಿತು. ನಾಲ್ಕನೆಯದರಲ್ಲಿ ನನಗೆ ತೆಲುಗಿನಲ್ಲಿ ಬೈದಳು.

ತದಡಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಬಲೆ ಹೊಲಿಯುತ್ತಿದ್ದ ಮುದುಕನೊಬ್ಬನಿಗೆ ಓಬಯ್ಯನ ಹೆಸರು, ಊರು, ಬಣ್ಣ ಎಲ್ಲ ಹೇಳಿದೆವು.

"ಹೆಸರು ಯಾರಿಗೆ ಗೊತ್ತು ಮಾರಾಯ? ಘಟ್ಟದ ಮೇಲಿಂದ ಬಂದವರನ್ನೆಲ್ಲ ನಾವು ಬಳ್ಳಾರಿ ಅಂತಲೇ ಕರೆಯೋದು. ಯಾವ ಬಳ್ಳಾರಿ ಬೇಕು ನಿಮಗೆ?"

ಒಬ್ಬ ಬಳ್ಳಾರಿ ಮಲ್ಪೆಗೆ ಹೋದನಂತೆ. ಒಬ್ಬ ಹೋದ ಮಳೆಗಾಲದ ಮುಂಚೆ ಬೋಟಿನಿಂದ ಬಿದ್ದು ಸಿಗಲೇ ಇಲ್ಲವಂತೆ. ಅವನು ಹೇಗಿದ್ದ ಎಂದು ಹೊನ್ನಕ್ಕ ಕೇಳಿದಳು. ಕಪ್ಪಗೆ, ಸಣ್ಣಗೆ, ಎಲ್ಲರ ಹಾಗೇ ಎಂದ. ಕತ್ತಲಾಗುವವರೆಗೆ ಬಂದ ಬೋಟುಗಳಿಗೆಲ್ಲ ಎದುರು ಹೋಗಿ ಒಂದೊಂದು ಮುಖ ನೋಡಿದಳು. ನಾನು ಹಿಂದೆ ನಿಂತಿದ್ದೆ.

ವಾಪಸು ಬರುವ ಬಸ್ಸು ಚಳ್ಳಕೆರೆ ಹತ್ತಿರ ಬಂದಾಗ ಅವಳು ನನ್ನ ಕಡೆ ತಿರುಗಿದಳು. ಸಿಕ್ಕಿದ್ದ, ಚೆನ್ನಾಗವ್ನೆ, ರಜಾ ಇಲ್ಲ ಅಂದ ಅಂತ ಹಟ್ಟೀಲಿ ಹೇಳ್ತೀನಿ, ಯಾರಾದ್ರೂ ಕೇಳಿದ್ರೆ ನೀನೂ ಹಂಗೇ ಅನ್ನು ಎಂದಳು.

ಸುಮ್ಮನಿರಬೇಕಿತ್ತು, ಇರಲಿಲ್ಲ. "ಅಕ್ಕಾ, ಬಿದ್ದೋನು ಅವನೇ ಆಗಿದ್ರೆ?"

"ಸತ್ತೋನು ಎದ್ದು ಬಂದು ಸುಳ್ಳು ಅಂತಾನೇನೋ? ಮೊದ್ಲು ಮಗಳ ಮದುವೆ ಆಗ್ಲಿ."