ಗರಗರ ತೆಗೆದ ಹರಿಕೃಷ್ಣ

ಶಿಡ್ಲಘಟ್ಟದ ಸುತ್ತಮುತ್ತ ಯಾರ ಮೈಕ್‌ಸೆಟ್ಟು ಕೆಟ್ಟರೂ ಹರಿಕೃಷ್ಣನನ್ನೇ ಹುಡುಕಿಕೊಂಡು ಬರಬೇಕು. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿರುವ ಅವನ ಅಂಗಡಿಯಿಂದ ಹೊರಟ ಯಾವ ಸ್ಪೀಕರೂ ಗರಗರ ಅಂದದ್ದಿಲ್ಲ. ಆ ಹೆಮ್ಮೆಯೇ ಅವನನ್ನು ಹಳ್ಳಕ್ಕೆ ಕೆಡವಿತು.

ಜಂಗಮಕೋಟೆಯ ಬಯ್ಯಪ್ಪ ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದವನು. ಅವನ ಬಳಿ ಗಿಟಾರಿನ ದನಿಯನ್ನೇ ಬದಲಿಸುವ, ಕಾಲಲ್ಲಿ ಒತ್ತುವ ಫಜ್ ಪೆಡಲ್ ಒಂದಿತ್ತು. ಅದನ್ನು ಒತ್ತಿದರೆ ಸಾಕು, ಜನ ಶಿಳ್ಳೆ ಹೊಡೆಯುತ್ತಿದ್ದರು. ಪೆಡಲ್ ಕೆಟ್ಟು ಅಟ್ಟ ಸೇರಿತು, ಗಿಟಾರ್ ಗೋಡೆ ಸೇರಿತು. ಈ ಸಲ ಅಂಬೇಡ್ಕರ್ ಜಯಂತಿಗೆ ಅಪ್ಪ ಮತ್ತೆ ನುಡಿಸಲೇಬೇಕೆಂದು ಮಗಳು ತನುಜ ಹಟ ಹಿಡಿದು, ತುಕ್ಕು ತಿಂದ ಆ ಡಬ್ಬಿಯನ್ನು ಹರಿಕೃಷ್ಣನಿಗೆ ಕೊಟ್ಟು ಹೋಗಿದ್ದಳು.

ಬಯ್ಯಪ್ಪನ ಗಿಟಾರನ್ನು ಹರಿಕೃಷ್ಣ ಎಂದೂ ಕೇಳಿದವನಲ್ಲ. ವೈರು ಬದಲಿಸಿ ಪೆಡಲ್ಲಿಗೆ ಜೀವ ಬರಿಸಿದ. ಬಂದ ಜೀವ ಹರಿದ ತಗಡಿನಂತೆ ಕಿರುಚಿತು. ಒಳಗಿನ ಟ್ರಾನ್ಸಿಸ್ಟರುಗಳಿಗೆ ವಯಸ್ಸಾಗಿದೆ ಎಂದುಕೊಂಡು ಹಳೆಯವನ್ನೆಲ್ಲ ಕಿತ್ತೆಸೆದ. ಹೊಸವನ್ನು ತನಗೆ ತಿಳಿದಂತೆ ಜೋಡಿಸಿ, ದನಿ ತೊಳೆದ ಮುತ್ತಾಗುವ ತನಕ ಬಿಡಲಿಲ್ಲ.

ಜಯಂತಿಯ ಹಿಂದಿನ ದಿನ ಅಪ್ಪ ಮಗಳು ಬಂದರು. ಬಯ್ಯಪ್ಪ ಪೆಡಲ್ ಒತ್ತಿ ತಂತಿ ಮೀಟಿದ. ಮತ್ತೆ ಒತ್ತಿದ.

“ಗರಗರ ಎಲ್ಲೋಯ್ತು ಹರಿಕೃಷ್ಣಣ್ಣ?”

“ತೆಗೆದಾಕ್ಬಿಟ್ಟೆ ಕಣಪ್ಪ! ಇನ್ನು ಜನ್ಮದಲ್ಲಿ ಬರಲ್ಲ.”

ತನುಜಳ ಮುಖ ಇಳಿದುಹೋಯಿತು. “ಅಂಕಲ್, ಆ ಗರಗರಕ್ಕೇ ಈ ಪೆಡಲ್ ಇರೋದು. ಅದಿಲ್ದಿದ್ರೆ ಬರೀ ಡಬ್ಬಿ.”

ಹರಿಕೃಷ್ಣ ಕಸದ ಬುಟ್ಟಿಗೆ ಕೈಹಾಕಿದ. ಹಳೆಯ ಟ್ರಾನ್ಸಿಸ್ಟರುಗಳು ಬೆಳಿಗ್ಗೆಯೇ ಕಸದ ಗಾಡಿ ಹತ್ತಿದ್ದವು. ಕೀಳುವ ಮೊದಲು ಒಂದು ಮಾತು ಕೇಳಲು ತನ್ನ ಬಾಯಿಗೇನು ದಾಡಿಯಾಗಿತ್ತು?

“ಹೋಗ್ಲಿ ಬಿಡಣ್ಣ, ಹಂಗೇ ಬಾರಿಸ್ತೀನಿ,” ಎಂದ ಬಯ್ಯಪ್ಪ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬಯ್ಯಪ್ಪ ನುಡಿಸಿದ. ಶಿಳ್ಳೆ ಬೀಳಲಿಲ್ಲ, ಹಾಡು ಮುಗಿಯುವ ಮೊದಲೇ ಜನ ಮೊಬೈಲ್ ನೋಡತೊಡಗಿದರು. ಜಯಂತಿ ಸಮಿತಿಯವರಿಗೆ ಇದೊಂದೂ ಗೊತ್ತಿಲ್ಲ. ಮೊದಲೇ ನಿಶ್ಚಯಿಸಿದ್ದಂತೆ, ಪೆಡಲ್ಲಿಗೆ ಮರುಜೀವ ಕೊಟ್ಟ ಹರಿಕೃಷ್ಣನಿಗೆ ಸನ್ಮಾನ ಎಂದು ಕೂಗಿ, ಹೊದಿಸಲು ಶಾಲನ್ನು ಬಯ್ಯಪ್ಪನ ಕೈಗೇ ಕೊಟ್ಟರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಹರಿಕೃಷ್ಣನಿಗೆ. ಮೈಕ್ ಕಸಿದುಕೊಂಡ. “ಶಾಲು ಬೇಡಪ್ಪ. ನಾನು ರಿಪೇರಿ ಮಾಡಿಲ್ಲ, ಕೆಡಿಸಿದೀನಿ. ಬಯ್ಯಪ್ಪನ ಸೌಂಡನ್ನೇ ಕಿತ್ತು ಕಸಕ್ಕೆ ಹಾಕಿದೀನಿ.”

ಮುಂದಿನ ಸಾಲಿನಲ್ಲಿದ್ದ ಮುದುಕ ಗಂಗುಲಪ್ಪ ಎದ್ದು ನಿಂತ. “ಏನ್ ದೊಡ್ಡತನ ನೋಡ್ರಪ್ಪ! ಇಷ್ಟು ಮಾಡಿಯೂ ಏನೂ ಮಾಡಿಲ್ಲ ಅಂತಾನೆ!”

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಬಯ್ಯಪ್ಪ ಶಾಲು ಹೊದಿಸಿದ. ಅವನ ಗಿಟಾರಿಗೆ ಅದರ ಅರ್ಧದಷ್ಟೂ ಚಪ್ಪಾಳೆ ಬಿದ್ದಿರಲಿಲ್ಲ.